ಎರಡು ಪುಸ್ತಕ, ಟೂ ಬುಕ್ಸ್

ಮಾನ್ಯ ಅಧ್ಯಕ್ಷರೇ, ಗುರುಗಳೇ, ತಾಯಂದಿರೇ, ವಿದ್ಯಾರ್ಥಿಗಳೇ,

ಈ ಮೊದಲ ಸಾಲಿನಲ್ಲೇ ವ್ಯಾಕರಣ ಬಂದು ಕುಳಿತಿದೆ. ಸಭೆಗೆ ಅಧ್ಯಕ್ಷರು ಒಬ್ಬರೇ. ಆದರೂ ಅವರನ್ನು ಕರೆದದ್ದು ಬಹುವಚನದಲ್ಲಿ. ವಿದ್ಯಾರ್ಥಿಗಳು ನೂರಾರು, ಅವರಿಗೂ ಬಹುವಚನ. ತಾಯಂದಿರಿಗೆ ಬಂದಿರುವ ‘ಅಂದಿರು’ ಪ್ರತ್ಯಯವಂತೂ ಅಣ್ಣ, ಅಕ್ಕ, ಅತ್ತೆ ಮುಂತಾದ ನೆಂಟಸ್ತಿಕೆಯ ಮಾತುಗಳಿಗೇ ಮೀಸಲು. ಯಾವ ಶಾಲೆಗೂ ಹೋಗದ ಕನ್ನಡಿಗ ಇವನ್ನೆಲ್ಲ ತಪ್ಪಿಲ್ಲದೆ ಬಳಸುತ್ತಾನೆ. ಅವನ ಮಗ ಮಾತ್ರ ಇಂಗ್ಲಿಷ್ ತರಗತಿಯಲ್ಲಿ ‘ಟೂ ಬುಕ್’ ಎಂದು ಬರೆದು ಕೆಂಪು ಶಾಯಿಯ ಗೆರೆ ಹಾಕಿಸಿಕೊಳ್ಳುತ್ತಾನೆ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಯ ಹಳ್ಳಿ ಶಾಲೆಗಳಲ್ಲಿ ಇಂಥ ಗೆರೆಗಳಿಗೆ ಲೆಕ್ಕವಿಲ್ಲ. ಹುಡುಗ ದಡ್ಡ, ಇಂಗ್ಲಿಷ್ ಅವನ ತಲೆಗೆ ಹತ್ತುವುದಿಲ್ಲ ಎಂಬ ತೀರ್ಮಾನವೂ ಗೆರೆಯ ಹಿಂದೆಯೇ ಬರುತ್ತದೆ. ವಾಸ್ತವವಾಗಿ ಆ ಹುಡುಗನಿಗೆ ಒಂದು ನಿಯಮ ಬಹಳ ಚೆನ್ನಾಗಿ ಗೊತ್ತಿದೆ. ಅದು ಕನ್ನಡದ ನಿಯಮ, ಅಷ್ಟೆ.

ಕಟ್ಟೆಮಳಲವಾಡಿಯ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಯಲ್ಲಿ ರೈತ ‘ಐದು ಬೇಲು ತಂದಿದ್ದೀನಿ’ ಎನ್ನುತ್ತಾನೆ, ‘ಐದು ಬೇಲುಗಳು’ ಎನ್ನುವುದಿಲ್ಲ. ಮೂರು ಎಕರೆ, ನೂರು ರೂಪಾಯಿ, ಹತ್ತು ತೆಂಗಿನಕಾಯಿ. ಐದು ಎಂದಾಗಲೇ ಹೆಚ್ಚು ಎಂಬುದು ಗೊತ್ತಾಯಿತು, ಮತ್ತೆ ‘ಗಳು’ ಏಕೆ ಎಂಬುದು ಕನ್ನಡದ ಲೆಕ್ಕಾಚಾರ. ‘ನೂರು ರೂಪಾಯಿಗಳು ಮಾತ್ರ’ ಎಂಬುದು ಚೆಕ್ಕಿನ ಮೇಲಿನ ಭಾಷೆ. ಸಂತೆಯಲ್ಲಿ ಯಾರೂ ಹಾಗೆ ಕೇಳಿ ಪಡೆಯುವುದಿಲ್ಲ.

ಇನ್ನೂ ಸೊಗಸಾದ ಸಂಗತಿ ಈ ಭಾಗದ ಆಡುಮಾತಿನಲ್ಲಿದೆ. ‘ನಮ್ಮನೇಲಿ ಒಂದು ಎಮ್ಮೆ ಐತೆ’, ‘ನಮ್ಮನೇಲಿ ಎರಡು ಎಮ್ಮೆ ಅವೆ’. ಎಮ್ಮೆ ಎರಡೂ ಕಡೆ ಎಮ್ಮೆಯೇ. ಬಹುವಚನ ಹೋಗಿ ಕುಳಿತಿರುವುದು ಕ್ರಿಯಾಪದದಲ್ಲಿ.

ಹಾಗಾದರೆ ಕನ್ನಡಕ್ಕೆ ಬಹುವಚನದ ಗೊಡವೆ ಕಡಿಮೆಯೆ? ಅದೂ ಅಲ್ಲ. ಮನುಷ್ಯರ ಮಾತು ಬಂದೊಡನೆ ಕಟ್ಟುನಿಟ್ಟು. ‘ಎರಡು ಹಸು’ ಸರಿ. ‘ಎರಡು ಹುಡುಗ’ ಎಂದರೆ ಮಕ್ಕಳೂ ನಗುತ್ತಾರೆ. ‘ಇಬ್ಬರು ಹುಡುಗರು’ ಎನ್ನಬೇಕು. ಎಣಿಕೆಯ ಪದವೇ ಬದಲಾಗಿ ಇಬ್ಬರು, ಮೂವರು, ನಾಲ್ವರು, ಐವರು ಆಗುತ್ತದೆ. ಈ ಸೌಲಭ್ಯ ಇಂಗ್ಲಿಷಿಗಿಲ್ಲ. ಅಲ್ಲಿ ಟೂ ಎಂಬುದು ಹಸುವಿಗೂ ಹುಡುಗನಿಗೂ ಒಂದೇ. ಕನ್ನಡ ಜನಕ್ಕೂ ದನಕ್ಕೂ ನಡುವೆ ಗೆರೆ ಎಳೆಯುತ್ತದೆ, ಇಂಗ್ಲಿಷ್ ಎಣಿಸಬಹುದಾದ ವಸ್ತುವಿಗೂ ಎಣಿಸಲಾಗದ ವಸ್ತುವಿಗೂ ನಡುವೆ ಎಳೆಯುತ್ತದೆ. ಹಳ್ಳಿಯ ಹುಡುಗ ಎಡವುವುದು ಈ ಎರಡು ಗೆರೆಗಳ ನಡುವೆ.

ಎಣಿಸಲಾಗದ ವಸ್ತುವನ್ನು ಕೃಷ್ಣರಾಜನಗರದ ಗದ್ದೆಯಲ್ಲೇ ತೋರಿಸಬಹುದು. ಭತ್ತವನ್ನು ಯಾರೂ ‘ಭತ್ತಗಳು’ ಎನ್ನುವುದಿಲ್ಲ. ಎಷ್ಟು ಮೂಟೆ, ಎಷ್ಟು ಕ್ವಿಂಟಲ್ ಎಂದು ಕೇಳುತ್ತಾರೆ. ಇಂಗ್ಲಿಷಿನ ಫರ್ನಿಚರ್, ಲಗೇಜ್, ಇನ್‌ಫರ್ಮೇಶನ್ ಕೂಡ ಈ ಭತ್ತದ ಜಾತಿಗೆ ಸೇರಿದವು. ‘ಫರ್ನಿಚರ್ಸ್’ ಎಂದು ಬರೆಯುವ ವಿದ್ಯಾರ್ಥಿಗೆ ಹತ್ತು ಸೂತ್ರ ಉರು ಹೊಡೆಸುವುದಕ್ಕಿಂತ ಭತ್ತದ ಮೂಟೆ ತೋರಿಸುವುದು ಸುಲಭ.

ಎಲ್ಲಕ್ಕಿಂತ ದೊಡ್ಡ ಗೊಂದಲ ‘ಎಸ್’ ಅಕ್ಷರದ್ದು. ‘ಬಾಯ್ಸ್ ಪ್ಲೇ’, ‘ಬಾಯ್ ಪ್ಲೇಸ್’. ನಾಮಪದಕ್ಕೆ ಎಸ್ ಬಂದರೆ ಬಹುವಚನ, ಕ್ರಿಯಾಪದಕ್ಕೆ ಅದೇ ಎಸ್ ಬಂದರೆ ಏಕವಚನ. ಇದೆಂಥ ನ್ಯಾಯ ಎಂದು ಮಕ್ಕಳು ಕೇಳಿದರೆ ತಪ್ಪಿಲ್ಲ. ಇವು ರೂಪದಲ್ಲಿ ಒಂದೇ, ಮೂಲದಲ್ಲಿ ಬೇರೆ. ನಾಮಪದದ ಎಸ್ ಹಳೆಯ ಇಂಗ್ಲಿಷಿನ ‘ಅಸ್’ ಪ್ರತ್ಯಯದಿಂದ ಬಂದದ್ದು. ಕ್ರಿಯಾಪದದ ಎಸ್ ಇಂಗ್ಲೆಂಡಿನ ಉತ್ತರ ಭಾಗದ ಆಡುಮಾತಿನಿಂದ ದಕ್ಷಿಣಕ್ಕೆ ಇಳಿದದ್ದು. ಅದಕ್ಕೂ ಮೊದಲು ದಕ್ಷಿಣದಲ್ಲಿ ‘ಎತ್’ ಎಂಬ ಪ್ರತ್ಯಯವಿತ್ತು. 1611ರ ಇಂಗ್ಲಿಷ್ ಬೈಬಲಿನ ತುಂಬ ಕಾಣುವುದು ಅದೇ.

ಅಷ್ಟಕ್ಕೂ ಇಂಗ್ಲಿಷಿನ ಮನೆಯೇ ಮೊದಲು ಅಚ್ಚುಕಟ್ಟಾಗಿರಲಿಲ್ಲ. ಸಾವಿರ ವರ್ಷದ ಹಿಂದೆ ಆ ಭಾಷೆಯಲ್ಲಿ ಬಹುವಚನಕ್ಕೆ ನಾಲ್ಕಾರು ದಾರಿಗಳಿದ್ದವು. ಕೆಲವು ಪದಕ್ಕೆ ‘ಅಸ್’, ಕೆಲವಕ್ಕೆ ‘ಅನ್’, ಕೆಲವಕ್ಕೆ ಒಳಗಿನ ಸ್ವರವನ್ನೇ ಬದಲಿಸುವುದು. ಫುಟ್ ಹೋಗಿ ಫೀಟ್, ಮ್ಯಾನ್ ಹೋಗಿ ಮೆನ್ ಆಗುವುದು ಈ ಮೂರನೆಯ ದಾರಿಯ ಪಳೆಯುಳಿಕೆ. ಹಳೆಯ ಇಂಗ್ಲಿಷಿನಲ್ಲಿ ಪುಸ್ತಕಕ್ಕೆ ‘ಬೋಕ್’ ಎನ್ನುತ್ತಿದ್ದರು, ಹಲವು ಪುಸ್ತಕಗಳಿಗೆ ‘ಬೇಚ್’. ಅಂದರೆ ಇಂದು ಯಾವ ‘ಬುಕ್ಸ್’ ಬರೆಯಲಿಲ್ಲವೆಂದು ಹುಡುಗನ ಅಂಕ ಕಳೆಯುತ್ತಾರೋ ಆ ರೂಪ ಅಂದು ಇಂಗ್ಲಿಷರಿಗೂ ಗೊತ್ತಿರಲಿಲ್ಲ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರದ ಶತಮಾನಗಳಲ್ಲಿ ಎಸ್ ಉಳಿದವರನ್ನೆಲ್ಲ ಬದಿಗೆ ಸರಿಸಿ ಗದ್ದುಗೆ ಏರಿತು. ಆಕ್ಸನ್‌ನಂಥ ಒಂದೆರಡು ಪದ ಮೂಲೆಯಲ್ಲಿ ಉಳಿದವು.

‘ಚಿಲ್ಡ್ರನ್’ ಕಥೆ ಬೇರೆ. ‘ಚೈಲ್ಡ್’ಗೆ ‘ಚಿಲ್ಡರ್’ ಎಂದೇ ಬಹುವಚನವಿತ್ತು. ಅದು ಸಾಲದೆಂದು ಜನ ಮತ್ತೊಂದು ‘ಅನ್’ ಅಂಟಿಸಿದರು. ಬಹುವಚನದ ಮೇಲೆ ಬಹುವಚನ! ಕನ್ನಡದ ‘ಅವರುಗಳು’ ಕೂಡ ಇದೇ ಬಗೆಯದು. ಅದನ್ನು ಕಂಡರೆ ಪಂಡಿತರು ಹುಬ್ಬು ಗಂಟಿಕ್ಕುತ್ತಾರೆ, ಆದರೆ ಹಳಗನ್ನಡದಲ್ಲೂ ‘ದೇವರ್ಕಳ್’ ಇತ್ತು. ಮಗು ಹೋಗಿ ಮಕ್ಕಳು ಆಗುವುದನ್ನು ತಕರಾರಿಲ್ಲದೆ ಕಲಿತ ಮಗುವಿಗೆ ಚಿಲ್ಡ್ರನ್ ಕಷ್ಟವಾಗಬೇಕಿಲ್ಲ.

ಕನ್ನಡದ ವ್ಯಾಕರಣಕಾರರು ವಚನದ ವಿಷಯಕ್ಕೆ ಎಂದೋ ಕೈಹಾಕಿದ್ದಾರೆ. 13ನೇ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಿಂದ 1604ರ ಭಟ್ಟಾಕಳಂಕನವರೆಗೆ, ಅಲ್ಲಿಂದ ಕಿಟೆಲ್ ಅವರ 1903ರ ವ್ಯಾಕರಣದವರೆಗೆ ಚರ್ಚೆ ಹರಿದಿದೆ. ಸಂಸ್ಕೃತದಲ್ಲಿರುವ ದ್ವಿವಚನ ಕನ್ನಡಕ್ಕಿಲ್ಲ. ಇಷ್ಟಾದರೂ ಕನ್ನಡದ ವ್ಯಾಕರಣ ಸಂಸ್ಕೃತದ ಅಚ್ಚಿನಲ್ಲೇ ಎರಕಗೊಂಡಿತು ಎಂದು ವಾದಿಸಿದವರು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್. ಅವರ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಪುಸ್ತಕದ ಎಲ್ಲ ಮಾತನ್ನೂ ಒಪ್ಪಬೇಕಾಗಿಲ್ಲ. ಆದರೆ ಸ್ವಂತ ಭಾಷೆಯ ನಿಯಮವೇ ತಿಳಿಯದಿದ್ದರೆ ಪರಭಾಷೆಯ ನಿಯಮ ಎಲ್ಲಿ ಬೇರೆಯಾಗುತ್ತದೆಂದು ಮೇಷ್ಟ್ರು ತಾನೇ ಹೇಗೆ ಹೇಳಿಯಾರು?

ಈ ಪ್ರಶ್ನೆಗೆ ಹೆಗ್ಗಡದೇವನಕೋಟೆಯಲ್ಲಿ ವಿಶೇಷ ಅರ್ಥವಿದೆ. ಮಕ್ಕಳು ತಮ್ಮ ವೇಗದಲ್ಲಿ, ಕಾರ್ಡು ಹಿಡಿದು, ಆಡುತ್ತ ಕಲಿಯುವ ‘ನಲಿ-ಕಲಿ’ ಪದ್ಧತಿ 1995ರಲ್ಲಿ ಆರಂಭವಾದದ್ದು ಈ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ. ಆಂಧ್ರದ ರಿಷಿ ವ್ಯಾಲಿಯಲ್ಲಿ ನೋಡಿಬಂದದ್ದನ್ನು ಇಲ್ಲಿನ ಶಿಕ್ಷಕರು ತಮ್ಮ ಮಕ್ಕಳಿಗೆ ಒಗ್ಗಿಸಿಕೊಂಡರು. ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದದ್ದು 2007ರಲ್ಲಿ. ಹಾಡಿಯ ಜೇನುಕುರುಬ ಮಗುವಿಗೆ ಮನೆಯ ನುಡಿ ಒಂದು, ಶಾಲೆಯ ಕನ್ನಡ ಇನ್ನೊಂದು, ಇಂಗ್ಲಿಷ್ ಮೂರನೆಯದು. ಆ ಮಗು ‘ಟೂ ಬುಕ್’ ಎಂದರೆ ಕೆಂಪು ಶಾಯಿ ತೆಗೆಯುವ ಮೊದಲು ಒಂದು ಗಳಿಗೆ ಯೋಚಿಸಬೇಡವೆ?

ಬಹುವಚನಕ್ಕೆ ಕನ್ನಡದಲ್ಲಿ ಗೌರವದ ಕೆಲಸವೂ ಇದೆ. ‘ಸಚಿವರ ರಾಜೀನಾಮೆ’ ಎಂಬ ತಲೆಬರಹ ಓದಿದವರಿಗೆ ಹೋದವರು ಒಬ್ಬರೋ ಹಲವರೋ ತಿಳಿಯುವುದಿಲ್ಲ. ಪತ್ರಿಕಾ ಕಚೇರಿಗಳಲ್ಲಿ ಇದು ನಿತ್ಯದ ಫಜೀತಿ. ಇಂಗ್ಲಿಷಿನ ‘ಯೂ’ ಕೂಡ ಮೂಲದಲ್ಲಿ ‘ನೀವು’. ‘ನೀನು’ ಎನ್ನಲು ‘ದೌ’ ಎಂಬ ಪದವಿತ್ತು. ಮರ್ಯಾದೆ ಹೆಚ್ಚಿ ಹೆಚ್ಚಿ ಎಲ್ಲರೂ ‘ಯೂ’ ಆದರು, ‘ದೌ’ ಪ್ರಾರ್ಥನೆ, ಕಾವ್ಯಗಳ ಪಾಲಾಯಿತು. ಕನ್ನಡಿಗರು ‘ನೀನು’ ಬಿಟ್ಟಿಲ್ಲ. ಹಳ್ಳಿಯಲ್ಲಿ ಅವ್ವನಿಗೂ ಮಾದಪ್ಪನಿಗೂ ಅದೇ ಸಲುಗೆಯ ಏಕವಚನ.

ಹುಣಸೂರಿನವರಿಗೆ ಇನ್ನೊಂದು ಎಸ್ ಪರಿಚಿತ. ಕಲ್ಲಹಳ್ಳಿಯ ದೇವರಾಜ ಅರಸು ಅವರ ಹೆಸರನ್ನು ಇಂಗ್ಲಿಷ್ ಪತ್ರಿಕೆಗಳು ‘ಅರ್ಸ್’ ಎಂದು ಬರೆಯುತ್ತವೆ. ಆ ಎಸ್ ಬಹುವಚನದ್ದಲ್ಲ, ಅರಸನದೇ.

ಇಂಗ್ಲಿಷಿನ ಎಸ್ ಕನ್ನಡಕ್ಕೆ ಬಂದು ಪಟ್ಟ ಪಾಡೂ ಕಡಿಮೆಯದಲ್ಲ. ‘ಫೀಸ್’ ಎಂಬ ಬಹುವಚನವನ್ನು ತಂದು ‘ಫೀಸು’ ಎಂದು ಏಕವಚನ ಮಾಡಿಕೊಂಡದ್ದಾಯಿತು. ‘ಒಂದು ಮಾರ್ಕ್ಸ್ ಹೋಯ್ತು’ ಎಂದು ಮಕ್ಕಳು ಅಳುತ್ತಾರೆ. ಪೊಲೀಸ್ ಕ್ವಾರ್ಟರ್ಸ್‌ಗಳು ಎದ್ದಿವೆ. ‘ಒಬ್ಬರು ಲೇಡೀಸ್ ನಿಂತಿದ್ದಾರೆ, ಸೀಟು ಬಿಡಿ’ ಎಂದು ಕಂಡಕ್ಟರ್ ಕೂಗುತ್ತಾನೆ. ಅವನು ಕೂಗುವ ಆ ಬಸ್ಸಿನ ಕಥೆ ಇನ್ನೂ ತಮಾಷೆಯದು. ಲ್ಯಾಟಿನ್ನಿನ ‘ಓಮ್ನಿಬಸ್’ ಎಂದರೆ ‘ಎಲ್ಲರಿಗೆ’. ಅದರ ಕೊನೆಯ ‘ಬಸ್’ ಬಹುವಚನದ ಚತುರ್ಥಿ ವಿಭಕ್ತಿಯ ಬಾಲ. ತಲೆ ಕಳಚಿ ಬಿದ್ದು ಬಾಲವೇ ಊರೂರು ಓಡಾಡುತ್ತಿದೆ. ‘ಎಲ್ಲರಿಗೆ’ ಎಂಬುದರಲ್ಲಿ ‘ರಿಗೆ’ಯನ್ನು ಮಾತ್ರ ಉಳಿಸಿಕೊಂಡು, ಪಿರಿಯಾಪಟ್ಟಣಕ್ಕೆ ಎಷ್ಟು ಗಂಟೆಗೆ ‘ರಿಗೆ’ ಎಂದು ಕೇಳಿದ ಹಾಗೆ!