ನದಿ ಸಾಕಿದ ನಗರ
(ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕಾಸರಗೋಡಿನವರಾದ ನಮಗೆ ಮಂಗಳೂರು ಪರಸ್ಥಳವಲ್ಲ. 1956ನೆಯ ನವೆಂಬರ್ 1ರ ವರೆಗೆ ಅದೇ ನಮ್ಮ ಜಿಲ್ಲೆಯ ಕೇಂದ್ರವಾಗಿದ್ದಿತು. ನಡುವೆ ಗಡಿ ಬಂದರೂ, 1907ರಲ್ಲಿ ಮಂಗಳೂರನ್ನು ಮುಟ್ಟಿದ ರೈಲುಹಾದಿ ಇಂದಿಗೂ ನಮ್ಮನ್ನು ನೇತ್ರಾವತಿಯನ್ನು ದಾಟಿಸಿ ಅಲ್ಲಿಗೆ ಒಯ್ಯುತ್ತಿದೆ.

ಇಂದಿನ ಮಹಾನಗರ ಹಿಂದೊಮ್ಮೆ ಸಣ್ಣ ರೇವುಪಟ್ಟಣ. ನೇತ್ರಾವತಿಯೂ ಗುರುಪುರ ಹೊಳೆಯೂ ಕಡಲನ್ನು ಸೇರುವ ಅಳಿವೆಯೇ ಅದರ ಬಾಗಿಲು. ನದಿ ಒಳನಾಡಿನ ಸರಕನ್ನು ದೋಣಿಗಳಲ್ಲಿ ತಂದುಕೊಟ್ಟಿತು. ಮರಳನ್ನು ಹೊತ್ತು ತಂದು ಆ ಬಾಗಿಲಿಗೆ ಅಡ್ಡವನ್ನೂ ಇಟ್ಟಿತು. ದೊಡ್ಡ ಹಡಗುಗಳು ಹೊರಗಡಲಿನಲ್ಲಿಯೇ ಲಂಗರು ಹಾಕಬೇಕಾಗುತ್ತಿದ್ದಿತು.

ಆದರೆ ನದಿ ಇನ್ನೊಂದನ್ನೂ ಕೊಟ್ಟಿತು: ಆವೆಮಣ್ಣು. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟರು ಹೆಂಚಿನ ಕಾರ್ಖಾನೆಯನ್ನು ತೆರೆದರು. ಮಣ್ಣನ್ನು ಹದಗೊಳಿಸಿ, ಅಚ್ಚಿನಲ್ಲಿ ಒತ್ತಿ, ಒಣಗಿಸಿ, ಗೂಡಿನಲ್ಲಿ ಸುಟ್ಟ ಹೆಂಚು 'ಮಂಗಳೂರು ಹೆಂಚು' ಎಂಬ ಹೆಸರಿನಿಂದ ಕಡಲಾಚೆಗೂ ಹೋಯಿತು. 1843ರಲ್ಲಿ ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟುದೂ, 1894ರಲ್ಲಿ ಕಿಟ್ಟೆಲರ ನಿಘಂಟು ಅಚ್ಚಾದುದೂ ಈ ಊರಿನಲ್ಲಿಯೇ. ಹೆಂಚಿನ ಅಚ್ಚೂ ಅಕ್ಷರದ ಅಚ್ಚೂ ಒಂದೇ ಊರಿನ ದುಡಿಮೆ.

1974ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ದೇಶದ ಪ್ರಮುಖ ಬಂದರುಗಳ ಪಂಕ್ತಿಗೆ ಸೇರಿತು. ಅಳಿವೆಯ ಮರಳಿಗೆ ಅಂಜದೆ, ಕರಾವಳಿಯಲ್ಲಿ ಅಗೆದು ಮಾಡಿದ ಬಂದರು ಅದು. ಕುದುರೆಮುಖದ ಅದಿರು ಬಹುಕಾಲ ಕೊಳವೆಯಲ್ಲಿ ಹರಿದು ಅಲ್ಲಿಗೆ ಬರುತ್ತಿದ್ದಿತು. 2005ರ ಕೊನೆಗೆ ಆ ಗಣಿಗಾರಿಕೆ ನಿಂತಿತು. ರಸಗೊಬ್ಬರವೂ ತೈಲವೂ ಹೊಸ ಉದ್ಯಮಗಳಾದುವು. ಹಳೆಯ ಬಂದರು ಮೀನುದೋಣಿಗಳಿಗೂ ಲಕ್ಷದ್ವೀಪಕ್ಕೆ ಸರಕೊಯ್ಯುವ ನೌಕೆಗಳಿಗೂ ಆಸರೆಯಾಗಿ ಉಳಿಯಿತು. ಇತ್ತ ಕಾಂಕ್ರೀಟಿನ ತಾರಸಿಗಳು ಹೆಚ್ಚಿದಂತೆ ನದಿದಂಡೆಯ ಹೆಂಚಿನ ಗೂಡುಗಳು ಒಂದೊಂದಾಗಿ ಆರಿದುವು.

ಬಂಧುಗಳೆ, ಗೂಡು ಆರಿದರೆ ಕೂಲಿ ಮಾತ್ರ ಹೋಗುವುದಿಲ್ಲ, ಮಾತೂ ಹೋಗುತ್ತದೆ. ಪಕ್ಕಾಸು, ರೀಪು, ಮುಚ್ಚಿಗೆ - ಈ ಪದಗಳು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ತಿಳಿದಿವೆ? ಕನ್ನಡದ ಉಳಿವಿಗಾಗಿ ನಾವು ಮನವಿಗಳನ್ನು ಬರೆಯುತ್ತೇವೆ, ಬರೆಯಲೇಬೇಕು. ಆದರೆ ಕಸುಬಿನ ಕನ್ನಡವನ್ನು ಉಳಿಸುವುದಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಕಿಲ್ಲ. ಹೆಂಚು ಒತ್ತಿದ, ದೋಣಿ ನಡೆಸಿದ ಹಿರಿಯರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಅವರೊಡನೆ ಮಕ್ಕಳನ್ನು ಕುಳ್ಳಿರಿಸೋಣ. ಅವರ ಮಾತನ್ನು ಬರೆದಿಡಿಸೋಣ. ನಮ್ಮ ಎಷ್ಟೋ ಕನ್ನಡ ಶಾಲೆಗಳಿಗೆ ಮೊದಲು ನೆರಳಿತ್ತುದು ಆ ನದಿಯ ಮಣ್ಣೇ. ಆ ಋಣವನ್ನು ತೀರಿಸುವ ಬಗೆ ಇದು.