ಮನೆಯ ಹಳೆಯ ಕಂಪ್ಯೂಟರೂ ಮಕ್ಕಳ ಕನ್ನಡವೂ

(ಮೊಗ್ರಾಲಿನಲ್ಲಿ ಜರಗಿದ ಕನ್ನಡ ಮಾಧ್ಯಮ ವಿದ್ಯಾರ್ಥಿಗಳ ಹೆತ್ತವರ ಸಭೆಯಲ್ಲಿ ಅಧ್ಯಾಪಕರೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



ಕನ್ನಡ ಶಾಲೆಯ ಸಭೆಯೆಂದರೆ ಅಧ್ಯಾಪಕರ ನೇಮಕ, ತಡವಾಗಿ ಬರುವ ಪಠ್ಯಪುಸ್ತಕ, ಮಕ್ಕಳ ಸಂಖ್ಯೆ ಇವುಗಳದೇ ಮಾತು. ಇಂದು ಅವನ್ನು ಬದಿಗಿಟ್ಟು ಮನೆಯ ಹಳೆಯ ಕಂಪ್ಯೂಟರಿನ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದಾರೆ. ವಿಷಯ ಬೇರೆ ಎಂದು ತೋರಬಹುದು. ಅಷ್ಟೇನೂ ಬೇರೆಯಲ್ಲ.

2020ರ ಜೂನಿನಲ್ಲಿ ಶಾಲೆಗಳ ಬಾಗಿಲು ಮುಚ್ಚಿದ್ದಾಗ ವಿಕ್ಟರ್ಸ್ ವಾಹಿನಿಯ ‘ಫಸ್ಟ್ ಬೆಲ್’ ಪಾಠಗಳು ಆರಂಭವಾದವು. ಕನ್ನಡ ಮಾಧ್ಯಮದ ಪಾಠಗಳೂ ತಯಾರಾದವು. ಆಗ ನಮ್ಮಲ್ಲಿ ಎಷ್ಟೋ ಮನೆಯವರು ಗಲ್ಫಿನಲ್ಲಿರುವ ಸಂಬಂಧಿಕರಿಂದಲೋ ಮಂಗಳೂರಿನ ಸೆಕೆಂಡ್ ಹ್ಯಾಂಡ್ ಅಂಗಡಿಯಿಂದಲೋ ಕಂಪ್ಯೂಟರು ತರಿಸಿಕೊಂಡರು. ಬರುವಾಗಲೇ ಹಳತಾಗಿದ್ದವು ಈಗ ಇನ್ನಷ್ಟು ಹಳತಾಗಿವೆ. ಗುಂಡಿ ಒತ್ತಿ, ಒಳಗೆ ಹೋಗಿ ಚಹಾ ಕುಡಿದು ಬಂದರೂ ಪರದೆ ತೆರೆದಿರುವುದಿಲ್ಲ. ಅಂಗಡಿಗೆ ಒಯ್ದರೆ ಹೊಸತು ಕೊಳ್ಳಿ ಎನ್ನುತ್ತಾರೆ.

ಹೊಸತು ಕೊಳ್ಳುವ ಮೊದಲು ಒಂದು ಭಾನುವಾರ ಅದರ ಮುಂದೆ ಕುಳಿತುಕೊಳ್ಳಿ ಎಂಬುದು ನನ್ನ ವಿನಂತಿ. ಮಗುವನ್ನೂ ಜೊತೆಗೆ ಕೂರಿಸಿಕೊಳ್ಳಿ. ಆದರೆ ಯಾವುದನ್ನು ಮುಟ್ಟುವ ಮೊದಲೂ ಬೇಕಾದ ಫೋಟೋ, ಕಾಗದಪತ್ರಗಳನ್ನು ಪೆನ್ ಡ್ರೈವಿಗೆ ಇಳಿಸಿಟ್ಟುಕೊಳ್ಳಿ.

ಕಂಪ್ಯೂಟರು ನಿಧಾನವಾಗಲು ಮುಖ್ಯ ಕಾರಣ, ನಾವು ಕರೆಯದೆಯೇ ಬಂದು ಕೂರುವ ತಂತ್ರಾಂಶಗಳು. ಯಾವುದೋ ಆಟ, ಪ್ರಿಂಟರಿನ ಸಹಾಯಕ, ಎರಡೆರಡು ವೈರಸ್ ಕಾವಲುಗಾರರು, ಎಲ್ಲವೂ ಯಂತ್ರ ಎದ್ದ ಕೂಡಲೇ ತಾವೂ ಏಳುತ್ತವೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ವಿಂಡೋಸ್ 10ರಲ್ಲಿ ಅದರೊಳಗೆ ‘ಸ್ಟಾರ್ಟಪ್’ ಎಂಬ ಪಟ್ಟಿಯಿದೆ. ಬೇಡದವನ್ನು ಅಲ್ಲಿ ‘ಡಿಸೇಬಲ್’ ಮಾಡಬಹುದು. ಇದರಿಂದ ತಂತ್ರಾಂಶ ಅಳಿದುಹೋಗುವುದಿಲ್ಲ, ಕರೆದಾಗ ಮಾತ್ರ ಬರುತ್ತದೆ. ವೈರಸ್ ಕಾವಲು ಒಂದು ಇರಲಿ, ಎರಡು ಬೇಡ.

ಬಳಿಕ ಸಿ ಡ್ರೈವಿನಲ್ಲಿ ಎಷ್ಟು ಜಾಗ ಉಳಿದಿದೆ ನೋಡಿ. ತುಂಬಿ ತುಳುಕುವ ಡಿಸ್ಕಿನಲ್ಲಿ ಯಂತ್ರಕ್ಕೆ ಕೈಕಾಲು ಆಡಿಸಲು ಎಡೆಯಿರುವುದಿಲ್ಲ. ‘ಡಿಸ್ಕ್ ಕ್ಲೀನಪ್’ ಎಂಬ ಸೌಕರ್ಯ ವಿಂಡೋಸಿನಲ್ಲೇ ಇದೆ. ಇಷ್ಟಾದರೂ ಯಂತ್ರ ತಡವರಿಸಿದರೆ, ಕೆಟ್ಟುಹೋದ ವ್ಯವಸ್ಥಾ ಕಡತಗಳನ್ನು ಪರೀಕ್ಷಿಸಿ ದುರಸ್ತಿಮಾಡುವ ಒಂದು ಆಜ್ಞೆಯಿದೆ. ಕಮಾಂಡ್ ಪ್ರಾಂಪ್ಟನ್ನು ‘ಅಡ್ಮಿನಿಸ್ಟ್ರೇಟರ್’ ಆಗಿ ತೆರೆದು ಎಸ್, ಎಫ್, ಸಿ ಎಂಬ ಮೂರು ಇಂಗ್ಲಿಷ್ ಅಕ್ಷರ, ಒಂದು ಎಡೆ, ಒಂದು ಓರೆಗೆರೆ, ಅದಕ್ಕೆ ಅಂಟಿದಂತೆ ‘ಸ್ಕ್ಯಾನ್‌ನೌ’ ಎಂದು ಇಂಗ್ಲಿಷಿನಲ್ಲಿ ಬರೆದು ಎಂಟರ್ ಒತ್ತಬೇಕು. ಹಳೆಯ ಯಂತ್ರದಲ್ಲಿ ಇದಕ್ಕೆ ಸಾಕಷ್ಟು ಹೊತ್ತು ಹಿಡಿಯುತ್ತದೆ. ನಡುವೆ ಆರಿಸಬಾರದು. ‘ರಿಜಿಸ್ಟ್ರಿ ಶುದ್ಧ ಮಾಡಿಕೊಡುತ್ತೇವೆ, ಹತ್ತುಪಟ್ಟು ವೇಗ’ ಎಂದು ಜಾಹೀರಾತು ಕೊಡುವ ತಂತ್ರಾಂಶಗಳನ್ನು ದಯವಿಟ್ಟು ಹಾಕಬೇಡಿ. ಇದ್ದದ್ದೂ ಕೆಡುವ ಸಾಧ್ಯತೆಯೇ ಹೆಚ್ಚು.

ಪ್ರತಿಸಲ ಆರಿಸಿ ಹಾಕಿದಾಗ ತಾರೀಕು ಹಿಂದಕ್ಕೆ ಹೋಗುತ್ತಿದ್ದರೆ, ಒಳಗಿರುವ ನಾಣ್ಯದಂಥ ಬ್ಯಾಟರಿ ಮುಗಿದಿದೆಯೆಂದು ತಿಳಿಯಿರಿ. ಅಂಗಡಿಯಲ್ಲಿ ಸಿಆರ್ 2032 ಎಂದು ಕೇಳಿದರೆ ಅಲ್ಪ ಬೆಲೆಗೆ ಸಿಗುತ್ತದೆ. ತಾರೀಕು ತಪ್ಪಿದ ಯಂತ್ರದಲ್ಲಿ ಇಂಟರ್‌ನೆಟ್ಟಿನ ಎಷ್ಟೋ ಪುಟಗಳು ತೆರೆಯುವುದೇ ಇಲ್ಲ. ಜನ ಇಂಟರ್‌ನೆಟ್ಟಿಗೆ ಬೈಯುತ್ತಾರೆ! ಇನ್ನು ಕಡಲ ಬದಿಯ ನಮ್ಮೂರಿನ ಉಪ್ಪುಗಾಳಿ, ತೇವ, ಧೂಳು. ಫ್ಯಾನಿಗೆ ಧೂಳು ಕಟ್ಟಿಕೊಂಡರೆ ಯಂತ್ರ ಬಿಸಿಯಾಗುತ್ತದೆ, ಬಿಸಿಯಾದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಸ್ವಲ್ಪ ಖರ್ಚು ಮಾಡಬಲ್ಲವರು ಹಳೆಯ ಹಾರ್ಡ್ ಡಿಸ್ಕಿನ ಬದಲು ಎಸ್ಎಸ್‌ಡಿ ಹಾಕಿಸಲಿ. ಅಷ್ಟು ವ್ಯತ್ಯಾಸ ಬೇರೆ ಯಾವುದರಿಂದಲೂ ಆಗದು.

ಇಲ್ಲಿಯವರೆಗಿನ ಮಾತು ಯಾವ ಊರಿನ ಸಭೆಯಲ್ಲಿಯೂ ಹೇಳಬಹುದಾದದ್ದು. ಮುಂದಿನದು ನಮ್ಮದೇ.

ಒಂಬತ್ತನೆಯ ತರಗತಿಯ ಒಬ್ಬಳು ಹುಡುಗಿಯ ಮನೆಯ ಕಂಪ್ಯೂಟರು ದುರಸ್ತಿಯಾಗಿ ಬಂತು. ಚೆನ್ನಾಗಿ ಓಡುತ್ತಿತ್ತು. ಆದರೆ ಅದರಲ್ಲಿದ್ದ ಕನ್ನಡ ಕೀಲಿಮಣೆ ಇರಲಿಲ್ಲ. ಅವಳ ತಂದೆ ಹಿಂದೆ ನುಡಿಯಲ್ಲಿ ಬರೆದಿಟ್ಟ ಅರ್ಜಿಗಳೆಲ್ಲ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿದ್ದವು. ದುರಸ್ತಿ ಮಾಡಿದವರು ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಿದ್ದರು. ಇಂಗ್ಲಿಷ್ ತಾನಾಗಿ ಬಂತು, ಮಲಯಾಳವನ್ನು ಅವರು ಸೇರಿಸಿದರು, ಕನ್ನಡ ಯಾರೂ ಕೇಳಲಿಲ್ಲ. ಇದರಲ್ಲಿ ದ್ವೇಷವೇನೂ ಇಲ್ಲ. ಕೇಳದವರಿಗೆ ಕೊಡುವ ಅಭ್ಯಾಸ ಯಾವ ಅಂಗಡಿಯಲ್ಲಿಯೂ ಇರುವುದಿಲ್ಲ. ಆ ಹುಡುಗಿ ತನ್ನ ಸೆಮಿನಾರ್ ಟಿಪ್ಪಣಿಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದು ತಂದಳು.

ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ಸಿಕ್ಕಿದ್ದು 1991ರಲ್ಲಿ. ಅದರಲ್ಲಿ ಬರೆದದ್ದು ಯಾವ ಯಂತ್ರದಲ್ಲಿಯೂ ಕನ್ನಡವಾಗಿಯೇ ಕಾಣುತ್ತದೆ. ನುಡಿ, ಬರಹಗಳ ಹಳೆಯ ಅಕ್ಷರಗಳಲ್ಲಿ ಬರೆದದ್ದು ಹಾಗಲ್ಲ, ಆ ಫಾಂಟ್ ಇದ್ದರೆ ಮಾತ್ರ ಓದಲಾದೀತು. ಆದುದರಿಂದ ದುರಸ್ತಿಗೆ ಕೊಡುವ ಮೊದಲು ಫಾಂಟುಗಳನ್ನೂ ನಕಲು ಮಾಡಿಟ್ಟುಕೊಳ್ಳಿ, ಸಾಧ್ಯವಾದರೆ ಹಳೆಯ ಬರಹವನ್ನು ಯೂನಿಕೋಡಿಗೆ ಪರಿವರ್ತಿಸಿ. ಕನ್ನಡ ಕೀಲಿಮಣೆಗೆ ಬೇರೆ ತಂತ್ರಾಂಶ ಬೇಕಿಲ್ಲ. ಸೆಟ್ಟಿಂಗ್ಸ್‌ನ ‘ಟೈಮ್ ಅಂಡ್ ಲ್ಯಾಂಗ್ವೇಜ್’ ವಿಭಾಗದಲ್ಲಿ ಕನ್ನಡವನ್ನು ಸೇರಿಸಿದರೆ ಸಾಕು. ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ದುರಸ್ತಿಯ ಹಣ ಕೊಡುವ ಮೊದಲು ಅಂಗಡಿಯಲ್ಲಿಯೇ ಮಗುವಿನ ಹೆಸರನ್ನು ಕನ್ನಡದಲ್ಲಿ ಬರೆದು ನೋಡಿ.

ಇದು ಬರೇ ಅಭಿಮಾನದ ಮಾತಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ, 1969ರ ಕೇರಳ ರಾಜಭಾಷಾ ಕಾಯಿದೆ ನಮಗೊಂದು ಹಕ್ಕು ಕೊಟ್ಟಿದೆ. ಅಂದಿನ ಕಾಸರಗೋಡು ತಾಲೂಕಿನ ಕನ್ನಡಿಗರು ಇಲ್ಲಿನ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ಈಗ ಅರ್ಜಿಗಳೆಲ್ಲ ಕಂಪ್ಯೂಟರಿನಲ್ಲೇ. ಕನ್ನಡ ಒತ್ತಲು ಬಾರದ ಮಗು ನಾಳೆ ಆ ಹಕ್ಕನ್ನು ಬಳಸುವುದು ಹೇಗೆ?

ಇನ್ನೊಂದು ವಿಚಾರ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ನಮ್ಮ ಅನೇಕ ಹಳೆಯ ಯಂತ್ರಗಳಿಗೆ ಹೊಂದದು. ಹಾಗೆಂದು ಅವು ಗುಜರಿಗಲ್ಲ. 2001ರಲ್ಲಿ ಐಟಿ ಅಟ್ ಸ್ಕೂಲ್ ಎಂದು ಆರಂಭವಾಗಿ 2017ರಲ್ಲಿ ಕೈಟ್ ಆದ ಸಂಸ್ಥೆ ನಮ್ಮ ಶಾಲೆಗಳಿಗೆ ಕೊಟ್ಟಿರುವುದು ಲಿನಕ್ಸ್. ಮಕ್ಕಳು ಐಸಿಟಿ ಪಾಠ ಕಲಿಯುವುದೂ ಅದರಲ್ಲೇ, ಆ ಪಾಠಪುಸ್ತಕವೂ ಕನ್ನಡದಲ್ಲಿದೆ. ಅದೇ ಲಿನಕ್ಸ್ ಮನೆಯ ಯಂತ್ರದಲ್ಲಿದ್ದರೆ ಶಾಲೆಯಲ್ಲಿ ಕಲಿತದ್ದನ್ನು ಸಂಜೆ ಮಾಡಿ ನೋಡಬಹುದು. ಬೆಲೆಯಿಲ್ಲ. 64 ಬಿಟ್ಟಿನ ಯಂತ್ರವಾಗಿರಬೇಕು, 4 ಜಿಬಿ ರ‍್ಯಾಮ್ ಇದ್ದರೆ ಒಳ್ಳೆಯದು. ಮೊದಲು ಪೆನ್ ಡ್ರೈವಿನಿಂದಲೇ ಓಡಿಸಿ ನೋಡಬಹುದು, ಒಳಗಿರುವ ವಿಂಡೋಸಿಗೆ ಏನೂ ಆಗುವುದಿಲ್ಲ. ಕನ್ನಡ ಕೀಲಿಮಣೆ ಅದರಲ್ಲಿಯೂ ಇದೆ, ಆದರೆ ಅಲ್ಲಿಯೂ ನಾವೇ ಸೇರಿಸಿಕೊಳ್ಳಬೇಕು.

ಬೇಕಾದವರಿಗೆ ಮುಂದಿನ ಶನಿವಾರ ಅಪರಾಹ್ನ ಶಾಲೆಯಲ್ಲಿ ನಾನೂ ಮಕ್ಕಳೂ ಸೇರಿ ಅದನ್ನು ತುಂಬಿಸಿ ಕೊಡುತ್ತೇವೆ. 16 ಜಿಬಿಯ ಪೆನ್ ಡ್ರೈವ್ ತನ್ನಿ. ಖಾಲಿ ಇರುವುದನ್ನೇ ತನ್ನಿ, ಏಕೆಂದರೆ ಅದರಲ್ಲಿದ್ದ ಮದುವೆಯ ಫೋಟೋಗಳೆಲ್ಲ ಅಳಿದುಹೋಗುತ್ತವೆ.