‘ಹೂಂ’ ಎಂದರೆ ಒಪ್ಪಿಗೆಯಲ್ಲ

(ರಾಷ್ಟ್ರೀಯ ಗ್ರಾಹಕ ದಿನದ ಅಂಗವಾಗಿ ಸಂಘದ ಸಭಾಗೃಹದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಗ್ರಾಹಕ ದಿನದಂದು ಎರಡು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಕೇಳಿಕೊಂಡಾಗ ನಾನು ಹಿಂಜರಿದದ್ದು ನಿಜ. ನಾನು ವಕೀಲನಲ್ಲ, ತಂತ್ರಜ್ಞನೂ ಅಲ್ಲ. ಮೂವತ್ತನಾಲ್ಕು ವರ್ಷ ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಆದರೆ ಈಗ ವೇದಿಕೆಯ ಮೆಟ್ಟಿಲು ಹತ್ತುತ್ತಿದ್ದಾಗಲೇ ನನ್ನ ಜೇಬಿನ ಫೋನು ಗುಂಯ್‌ಗುಟ್ಟಿತು. ನನಗೆ ಸಾಲ ಬೇಕೇ ಎಂದು ಯಾರೋ ಹಿಂದಿಯಲ್ಲಿ ವಿಚಾರಿಸಿದರು. ಎಪ್ಪತ್ತರ ಸಮೀಪದಲ್ಲಿರುವ ಪಿಂಚಣಿಯಿಲ್ಲದ ಮನುಷ್ಯನಿಗೆ ಸಾಲ ಕೊಡಲು ಇಷ್ಟೊಂದು ಆತುರಪಡುವ ಔದಾರ್ಯವನ್ನು ನಮ್ಮ ಹಿರಿಯರು ಕಂಡಿರಲಿಲ್ಲ. ಆದುದರಿಂದ ವಿಷಯವೇ ನನ್ನನ್ನು ಹುಡುಕಿಕೊಂಡು ಬಂದಿದೆ ಎಂದು ಭಾವಿಸಿ ಮಾತನ್ನು ಆರಂಭಿಸುತ್ತೇನೆ.

ಹೊರನಾಡಿನಲ್ಲಿ ನೆಲೆಸಿದ ನಮಗೆ ದೂರವಾಣಿಯೆಂದರೆ ಬರಿಯ ಯಂತ್ರವಾಗಿರಲಿಲ್ಲ. ಅದು ಊರಿನ ದಾರಿಯಾಗಿತ್ತು. ಮನೆಗೊಂದು ಫೋನು ಬೇಕೆಂದು ಅರ್ಜಿ ಹಾಕಿ ವರ್ಷಗಟ್ಟಲೆ ಕಾದವರು ಈ ಸಭೆಯಲ್ಲಿದ್ದಾರೆ. ಟ್ರಂಕ್ ಕಾಲ್ ಬುಕ್ ಮಾಡಿ ಅರ್ಧ ದಿನ ಕುಳಿತವರಿದ್ದಾರೆ. ರಾತ್ರಿ ದರ ಇಳಿಯುವ ಹೊತ್ತಿಗಾಗಿ ಎಸ್.ಟಿ.ಡಿ. ಬೂತಿನ ಮುಂದೆ ಸಾಲು ನಿಂತು, ಎದುರಿನ ಮೀಟರಿನ ಕೆಂಪು ಅಂಕಿಗಳನ್ನು ನೋಡುತ್ತ ತಾಯಿಯ ಕುಶಲ ವಿಚಾರಿಸಿದವರಂತೂ ನಾವೆಲ್ಲರೂ. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಮ್ ಅವರೊಡನೆ ಮಾತನಾಡಿ ದೇಶದ ಮೊದಲ ಮೊಬೈಲ್ ಕರೆಯನ್ನು ಮಾಡಿದರು. ಆರಂಭದ ವರ್ಷಗಳಲ್ಲಿ ಕರೆ ಮಾಡಿದವನಂತೆ ಕರೆ ಸ್ವೀಕರಿಸಿದವನೂ ಹಣ ತೆರಬೇಕಾಗಿತ್ತು. 2003ರ ಮೇ ತಿಂಗಳಿನಿಂದ ಆ ಹೊರೆ ಇಳಿಯಿತು. ಆದರೂ ಮುಂಬಯಿಯ ನಂಬರು ಹಿಡಿದು ಊರಿಗೆ ಹೋದರೆ ರೋಮಿಂಗ್ ಶುಲ್ಕ ಬಹಳ ಕಾಲ ನಮ್ಮನ್ನು ಕಾಡಿತು.

ಆ ದಿನಗಳಲ್ಲಿ ಫೋನಿನ ಗಂಟೆ ಬಾರಿಸಿತೆಂದರೆ ನಮ್ಮವರಾರೋ ನೆನೆದರೆಂದು ಅರ್ಥ. ಇಂದು ಗಂಟೆ ಬಾರಿಸಿದರೆ ಯಾರೋ ಏನನ್ನೋ ಮಾರಲು ಬಂದರೆಂದು ಅರ್ಥ. ಈ ಬದಲಾವಣೆಯ ಬೆಲೆ ಎಷ್ಟೆಂಬುದನ್ನು ನನ್ನ ಮನೆಯ ಒಂದು ಪ್ರಸಂಗದಿಂದ ತಿಳಿಸಬಯಸುತ್ತೇನೆ.

ಚಿಕ್ಕಪ್ಪ ತೀರಿಕೊಂಡ ಮೇಲೆ ನನ್ನ ಚಿಕ್ಕಮ್ಮ ಕುಂದಾಪುರದ ಹತ್ತಿರದ ಹಳ್ಳಿಯಿಂದ ನಮ್ಮ ಮನೆಗೆ ಬಂದರು. ಅವರಿಗೆ ಕನ್ನಡವೊಂದೇ ಬರುತ್ತಿತ್ತು. ತರಕಾರಿಯವನೊಡನೆ ಚೌಕಾಸಿ ಮಾಡುವಷ್ಟು ಹಿಂದಿಯನ್ನು ಮಾತ್ರ ಇಲ್ಲಿ ಕಲಿತಿದ್ದರು. ಊರಿನಲ್ಲಿದ್ದ ಅಣ್ಣನೊಡನೆ ಮಾತಾಡಲೆಂದು ನಾನು ಅವರಿಗೊಂದು ಸಣ್ಣ ಮೊಬೈಲನ್ನು ಕೊಡಿಸಿದೆ. ತಿಂಗಳಿಗೆ ನೂರು ರೂಪಾಯಿ ಹಾಕಿಸಿದರೆ ಸಾಕಾಗುತ್ತಿತ್ತು.

2012ರ ಬೇಸಗೆಯಲ್ಲಿ ಹಾಕಿಸಿದ ಹಣ ಹತ್ತು ದಿನಕ್ಕೇ ಕರಗತೊಡಗಿತು. ವಿಚಾರಿಸಿದಾಗ, ಭಕ್ತಿಗೀತೆ ಕೇಳಿಸುವ ಒಂದು ‘ಸೇವೆ’ಗೆ ಅವರು ಚಂದಾದಾರರಾಗಿದ್ದಾರೆಂದೂ ಅದಕ್ಕೆ ತಿಂಗಳಿಗೆ ಮೂವತ್ತು ರೂಪಾಯಿ ಕಡಿತವಾಗುತ್ತಿದೆಯೆಂದೂ ತಿಳಿಯಿತು. ಅವರನ್ನು ಕೇಳಿದೆ. ಚಿಕ್ಕಮ್ಮ ಅಪರಾಧಿಯಂತೆ ತಲೆತಗ್ಗಿಸಿ, “ಯಾರೋ ದೇವರ ಹಾಡು ಹಾಕಿದರಪ್ಪಾ. ಆಮೇಲೆ ಏನೋ ಕೇಳಿದರು. ಹೂಂ, ಹೂಂ ಎಂದೆ. ಯಾವುದೋ ಗುಂಡಿ ಒತ್ತೆಂದರೇನೋ, ಒತ್ತಿದೆ. ಹೂಂ ಎಂದರೆ ಕೇಳಿಸುತ್ತಿದೆ ಎಂದಲ್ಲವೇ?” ಎಂದರು.

ಬಂಧುಗಳೇ, ಈ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. ನಮ್ಮ ಭಾಷೆಯಲ್ಲಿ ‘ಹೂಂ’ ಎಂಬುದು ಕೇಳುಗನ ಸೌಜನ್ಯ. ಅಜ್ಜಿ ಕತೆ ಹೇಳುವಾಗ ಮಕ್ಕಳು ಹೂಂಗುಟ್ಟಬೇಕು, ಇಲ್ಲವಾದರೆ ಕತೆ ನಿಂತುಹೋಗುತ್ತದೆ. ಹಾಗೆಂದು ಕತೆಯ ರಾಕ್ಷಸನಿಗೆ ಮನೆ ಬರೆದುಕೊಟ್ಟಂತೆ ಆಗುವುದೇ? ಆ ಸೌಜನ್ಯವನ್ನೇ ಕರಾರುಪತ್ರದ ಸಹಿಯೆಂದು ಎಣಿಸುವ ವ್ಯಾಪಾರವನ್ನು ನಾನು ವ್ಯಾಪಾರವೆನ್ನಲಾರೆ.

ನಾನು ಕಂಪನಿಯ ದೂರು ವಿಭಾಗಕ್ಕೆ ಫೋನು ಮಾಡಿದೆ. ಒಂದನ್ನು ಒತ್ತಿರಿ, ಎರಡನ್ನು ಒತ್ತಿರಿ, ದಯವಿಟ್ಟು ಕಾಯಿರಿ ಎಂಬ ಆ ಪ್ರದಕ್ಷಿಣೆಯನ್ನು ತಾವೆಲ್ಲರೂ ಬಲ್ಲಿರಿ. ಇಪ್ಪತ್ತು ನಿಮಿಷದ ನಂತರ ಸಿಕ್ಕಿದ ಹುಡುಗ, “ಅವರೇ ಒಪ್ಪಿ ಗುಂಡಿ ಒತ್ತಿದ್ದಾರೆ, ದಾಖಲೆಯಿದೆ” ಎಂದ. ಯಾವ ಭಾಷೆಯಲ್ಲಿ ಕೇಳಿದಿರಿ ಎಂದರೆ ಉತ್ತರವಿಲ್ಲ.

ಅದೇ ವರ್ಷದ ಜನವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ದೂರುಗಳ ಬಗ್ಗೆ ಹೊಸ ನಿಯಮಾವಳಿಯನ್ನು ಹೊರಡಿಸಿತ್ತು. ಪ್ರತಿ ದೂರಿಗೂ ಒಂದು ಸಂಖ್ಯೆ ಕೊಡಬೇಕು, ಪರಿಹಾರ ಸಿಗದಿದ್ದರೆ ಕಂಪನಿಯೊಳಗಿನ ಮೇಲ್ಮನವಿ ಪ್ರಾಧಿಕಾರಕ್ಕೆ ಶುಲ್ಕವಿಲ್ಲದೆ ಹೋಗಬಹುದು ಎಂಬುದು ಅದರ ಸಾರ. ನಾನು ಲೆಕ್ಕದವನು, ಕಾಗದವನ್ನು ನಂಬುವವನು. ದೂರಿನ ಸಂಖ್ಯೆ ಪಡೆದು, ಕಡಿತದ ದಿನಾಂಕಗಳನ್ನು ಪಟ್ಟಿಮಾಡಿ ಮೇಲ್ಮನವಿ ಬರೆದೆ. ಕೊನೆಗೆ ತೊಂಬತ್ತು ರೂಪಾಯಿ ಮರಳಿ ಬಂತು. ನಾನು ಗೆದ್ದೆನೆಂದು ಬೀಗಿದೆ.

ಆದರೆ ಚಿಕ್ಕಮ್ಮ ಅಷ್ಟರಲ್ಲಿ ಹೆದರಿಬಿಟ್ಟಿದ್ದರು. ಫೋನು ಎತ್ತಿದರೆ ಹಣ ಹೋಗುತ್ತದೆಂದು ಗುರುತಿಲ್ಲದ ಕರೆಗಳನ್ನು ಎತ್ತುವುದನ್ನೇ ನಿಲ್ಲಿಸಿದ್ದರು. ಆ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಊರಿನಲ್ಲಿ ಅವರ ಅಣ್ಣ ತೀರಿಕೊಂಡರು. ಸೋದರಳಿಯ ನೆರೆಮನೆಯ ಫೋನಿನಿಂದ ಮೂರು ಸಲ ಪ್ರಯತ್ನಿಸಿದ್ದ. ಚಿಕ್ಕಮ್ಮ ಎದುರಿಗೇ ಕುಳಿತು ಗಂಟೆ ನಿಲ್ಲುವುದನ್ನು ಕಾದಿದ್ದರು. ನಾನು ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿದ್ದೆ. ಸುದ್ದಿ ತಿಳಿದು, ಬಸ್ಸು ಹಿಡಿದು ಊರು ಮುಟ್ಟುವ ಹೊತ್ತಿಗೆ ಎಲ್ಲವೂ ಮುಗಿದಿತ್ತು. ಅಣ್ಣನ ಮುಖವನ್ನು ಅವರು ಕಾಣಲಿಲ್ಲ. ತೊಂಬತ್ತು ರೂಪಾಯಿಯ ಲೆಕ್ಕ ಸರಿಹೋಯಿತು. ಈ ಲೆಕ್ಕವನ್ನು ಯಾವ ಮೇಲ್ಮನವಿಯಿಂದ ಸರಿಪಡಿಸಲಿ?

ಸರ್ಕಾರ ಸುಮ್ಮನಿತ್ತೆಂದು ನಾನು ಹೇಳುವುದಿಲ್ಲ. 2007ರಲ್ಲಿ ‘ಕರೆ ಮಾಡಬೇಡಿ’ ಎಂಬ ರಾಷ್ಟ್ರೀಯ ನೋಂದಣಿ ಬಂತು. 2011ರ ಸೆಪ್ಟೆಂಬರ್ 27ರಿಂದ 1909 ಸಂಖ್ಯೆಯ ಹೊಸ ವ್ಯವಸ್ಥೆ ಜಾರಿಗೆ ಬಂದು, ಮಾರಾಟದ ಕರೆಗಳಿಗೆ 140ರಿಂದ ಆರಂಭವಾಗುವ ಸಂಖ್ಯೆಗಳನ್ನು ಗೊತ್ತುಪಡಿಸಲಾಯಿತು. 2013ರ ಜುಲೈಯಲ್ಲಿ, ಇಂಥ ಹೆಚ್ಚುವರಿ ಸೇವೆಗಳನ್ನು ಆರಂಭಿಸುವ ಮೊದಲು ಗ್ರಾಹಕನಿಂದ ಎರಡು ಬಾರಿ ಖಚಿತ ಒಪ್ಪಿಗೆ ಪಡೆಯಬೇಕೆಂದು ಟ್ರಾಯ್ ಆದೇಶಿಸಿತು. ನಮ್ಮ ಚಿಕ್ಕಮ್ಮನ ಪಾಲಿಗೆ ಅದು ಒಂದು ವರ್ಷ ತಡವಾಯಿತು. 2018ರಲ್ಲಿ ಮತ್ತೊಂದು ನಿಯಮಾವಳಿ ಬಂತು, 2025ರ ಫೆಬ್ರವರಿಯಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಲಾಯಿತು.

ಆದರೆ ಈ ಎಲ್ಲದರಲ್ಲಿಯೂ ಒಂದು ಮೂಲ ದೋಷ ಉಳಿದಿದೆ. ನಮ್ಮ ಮನೆಯೊಳಗೆ ನುಗ್ಗಬೇಡಿ ಎಂದು ನಾವೇ ಬಾಗಿಲಿಗೆ ಫಲಕ ತೂಗುಹಾಕಬೇಕು. ತೂಗುಹಾಕದಿದ್ದವನ ಮನೆಯೊಳಗೆ ಯಾರು ಬೇಕಾದರೂ ಬರಬಹುದು. ಫಲಕವನ್ನು ಓದಲಾರದವನೂ ಬರೆಯಲಾರದವನೂ ಎಲ್ಲಿಗೆ ಹೋಗಬೇಕು?

ನ್ಯಾಯದ ಬಾಗಿಲೂ ನಮಗೆ ಬಹುಕಾಲ ಅರೆಮುಚ್ಚಿತ್ತು. 1986ರಲ್ಲಿ ಇದೇ ಡಿಸೆಂಬರ್ 24ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಗ್ರಾಹಕ ಸಂರಕ್ಷಣಾ ಕಾಯ್ದೆ ನಮ್ಮ ಕೈಯಲ್ಲಿತ್ತು. ಆದರೆ ದೂರವಾಣಿ ಬಿಲ್ಲಿನ ವಿವಾದಗಳಿಗೆ 1885ರ ತಂತಿ ಕಾಯ್ದೆಯ ಮಧ್ಯಸ್ಥಿಕೆಯೇ ಮಾರ್ಗವೆಂದು 2009ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದರಿಂದ ಅನೇಕ ದೂರುಗಳು ಗ್ರಾಹಕ ವೇದಿಕೆಗಳಿಂದ ಹಿಂದಿರುಗಿದವು. 2020ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಗ್ರಾಹಕ ಕಾಯ್ದೆ ದೂರಸಂಪರ್ಕವನ್ನು ‘ಸೇವೆ’ಯ ವ್ಯಾಖ್ಯೆಯಲ್ಲಿಯೇ ಸ್ಪಷ್ಟವಾಗಿ ಹೆಸರಿಸಿತು. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟೂ ಗ್ರಾಹಕ ವೇದಿಕೆಗಳ ಅಧಿಕಾರವನ್ನು ಎತ್ತಿಹಿಡಿಯಿತು. ಈ ಹೊಸ ಕಾಯ್ದೆಯಲ್ಲಿ ನಮ್ಮಂತಹ ವಲಸಿಗರಿಗೆ ವಿಶೇಷ ಅನುಕೂಲವೊಂದಿದೆ. ಕಂಪನಿಯ ಕಚೇರಿ ಎಲ್ಲಿಯೇ ಇರಲಿ, ದೂರುದಾರನು ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಐದು ಲಕ್ಷ ರೂಪಾಯಿಯವರೆಗೆ ಹಣ ತೆತ್ತ ವ್ಯವಹಾರಗಳಿಗೆ ಶುಲ್ಕವಿಲ್ಲ. ಘಟನೆ ನಡೆದ ಎರಡು ವರ್ಷಗಳೊಳಗೆ ದೂರಬೇಕು ಎಂಬುದನ್ನು ಮಾತ್ರ ಮರೆಯಬಾರದು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. 2023ರಲ್ಲಿ ಸಂಸತ್ತು ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ಒಂದು ಕಾಯ್ದೆಯನ್ನು ಅಂಗೀಕರಿಸಿತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ ಹದಿನೆಂಟು ತಿಂಗಳ ಗಡುವು ನೀಡಲಾಯಿತು. ನಮ್ಮ ಮಾಹಿತಿಯನ್ನು ಬಳಸಲು ಒಪ್ಪಿಗೆ ಕೇಳುವವರು ಆ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದಿಕೊಳ್ಳುವ ಆಯ್ಕೆಯನ್ನು ನಮಗೆ ಕೊಡಬೇಕೆಂದು ಆ ಕಾಯ್ದೆ ಹೇಳುತ್ತದೆ. ಆ ಅನುಸೂಚಿಯ ಇಪ್ಪತ್ತೆರಡು ಭಾಷೆಗಳಲ್ಲಿ ಕನ್ನಡವೂ ಒಂದು. ನಾವು ಯಾವ ರಾಜ್ಯದಲ್ಲಿದ್ದೇವೆ ಎಂಬುದನ್ನು ಕಾಯ್ದೆ ಕೇಳುವುದಿಲ್ಲ. ಮುಂಬಯಿಯಲ್ಲಿರಲಿ, ಪುಣೆಯಲ್ಲಿರಲಿ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿರಲಿ, ಕನ್ನಡದಲ್ಲಿ ಕೇಳಿ, ಆಮೇಲೆ ಉತ್ತರಿಸುತ್ತೇನೆ ಎನ್ನುವ ಹಕ್ಕು ಕಾಯ್ದೆಯ ಪುಟದಲ್ಲಿ ಬಂದಿದೆ. ಕನ್ನಡವೆಂದರೆ ನಮಗೆ ರಾಜ್ಯೋತ್ಸವದ ಹಾಡು, ನಾಟಕ, ಯಕ್ಷಗಾನ. ಅವೆಲ್ಲವೂ ಬೇಕು. ಆದರೆ ಭಾಷೆ ನಿಜವಾಗಿ ಬದುಕುವುದು ಬಿಲ್ಲಿನಲ್ಲಿ, ರಸೀತಿಯಲ್ಲಿ, ಒಪ್ಪಿಗೆಯ ಪತ್ರದಲ್ಲಿ. ಅಲ್ಲಿ ಕನ್ನಡವನ್ನು ಯಾರೂ ಕೇಳದಿದ್ದರೆ ಕಂಪನಿಗಳು ಕನ್ನಡವನ್ನು ಕೇಳುವವರೇ ಇಲ್ಲವೆಂದು ಬರೆದುಕೊಳ್ಳುತ್ತವೆ.

ಕೆಲವು ಕಾರ್ಯೋಪಯೋಗಿ ಸಂಗತಿಗಳನ್ನು ಹೇಳಿ ಮುಗಿಸುತ್ತೇನೆ. ಇಂಗ್ಲಿಷ್ ಅಕ್ಷರಗಳಲ್ಲಿ ‘ಸ್ಟಾರ್ಟ್’ ಎಂದು ಬರೆದು, ಜಾಗ ಬಿಟ್ಟು ಸೊನ್ನೆಯನ್ನು ಹಾಕಿ 1909ಕ್ಕೆ ಸಂದೇಶ ಕಳಿಸಿದರೆ ಜಾಹೀರಾತುಗಳನ್ನು ತಡೆಯುವ ನೋಂದಣಿಯಾಗುತ್ತದೆ. ಅನಂತರವೂ ಕರೆ ಬಂದರೆ, ಬಂದ ಸಂಖ್ಯೆ, ದಿನಾಂಕ, ವಿಷಯಗಳನ್ನು ಬರೆದಿಟ್ಟುಕೊಂಡು ಏಳು ದಿನಗಳೊಳಗೆ ಅದೇ 1909ಕ್ಕೆ ದೂರಬೇಕು. ಸಂದೇಶ ಕಳಿಸಿದವರ ಹೆಸರಿನ ಕೊನೆಯಲ್ಲಿ ಈಗ ಒಂದು ಅಕ್ಷರವಿರುತ್ತದೆ. ‘ಪಿ’ ಎಂದಿದ್ದರೆ ಅದು ಜಾಹೀರಾತು, ‘ಜಿ’ ಎಂದಿದ್ದರೆ ಸರ್ಕಾರದ್ದು. ಕಂಪನಿಯ ಸೇವೆಯ ಬಗ್ಗೆ ದೂರಿದ್ದರೆ 198ಕ್ಕೆ ಫೋನು ಮಾಡಿ ದೂರಿನ ಸಂಖ್ಯೆ ಪಡೆಯದೆ ಫೋನು ಇಡಬಾರದು. ಸೇವೆ ಹಿಡಿಸದಿದ್ದರೆ ನಂಬರನ್ನು ಉಳಿಸಿಕೊಂಡೇ ಕಂಪನಿ ಬದಲಿಸುವ ಸೌಲಭ್ಯ 2011ರ ಜನವರಿಯಿಂದ ದೇಶದಾದ್ಯಂತ ಇದೆ. 2015ರ ಜುಲೈಯಿಂದ ಬೇರೆ ರಾಜ್ಯಕ್ಕೆ ಹೋದರೂ ಅದೇ ನಂಬರನ್ನು ಉಳಿಸಿಕೊಳ್ಳಬಹುದು. ಅಂಗಡಿಯ ಬಿಲ್ಲಿಗೆ ಮೊಬೈಲ್ ನಂಬರು ಕೊಡಲೇಬೇಕೆಂದು ಒತ್ತಾಯಿಸಬಾರದೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ಸೂಚಿಸಿದೆ. ಕೊಡುವುದಿಲ್ಲವೆಂದು ನಗುತ್ತಲೇ ಹೇಳಿರಿ. ಗ್ರಾಹಕ ಸಹಾಯವಾಣಿ 1915. ಹಣದ ವಂಚನೆಯಾದರೆ ತಡಮಾಡದೆ 1930.

ಇನ್ನೊಂದು ವಿನಂತಿ. ಕರೆ ಮಾಡುವ ಹುಡುಗ ಹುಡುಗಿಯರನ್ನು ದಯವಿಟ್ಟು ಬೈಯಬೇಡಿ. ಮಾಲಾಡಿನ, ಐರೋಲಿಯ ಕಚೇರಿಗಳಲ್ಲಿ ಕುಳಿತು ಹೊಟ್ಟೆಪಾಡಿಗೆ ಅದೇ ಪಾಠವನ್ನು ಒಪ್ಪಿಸುವವರಲ್ಲಿ ನಮ್ಮ ಮಕ್ಕಳೂ ಇದ್ದಾರೆ. ದೂರು ಹೋಗಬೇಕಾದದ್ದು ಅವರ ಧಣಿಗಳಿಗೆ, ಅದೂ ಬರವಣಿಗೆಯಲ್ಲಿ.

ಕೊನೆಯದಾಗಿ ಸಂಘಕ್ಕೊಂದು ಸಲಹೆ. ಹಗಲಿಡೀ ಹೋಟೆಲುಗಳಲ್ಲಿ ದುಡಿದ ಹುಡುಗರಿಗೆ ಈ ನಗರದ ಕನ್ನಡ ರಾತ್ರಿ ಶಾಲೆಗಳು ಅಕ್ಷರ ಕಲಿಸಿದವು. ಅಕ್ಷರ ಬಲ್ಲವರು ಬಾರದವರಿಗಾಗಿ ಮನಿಯಾರ್ಡರ್ ಫಾರಂ ತುಂಬಿದರು, ಊರಿಗೆ ಕಾಗದ ಬರೆದುಕೊಟ್ಟರು. ಅಂದಿನ ಆ ಉಪಕಾರಕ್ಕೆ ಇಂದಿನ ರೂಪವೇ ದೂರು ಬರೆದುಕೊಡುವುದು. ಪ್ರತಿ ತಿಂಗಳ ಮೊದಲ ಭಾನುವಾರ ಎರಡು ಗಂಟೆಗಳ ಕಾಲ ಸಂಘದ ವಾಚನಾಲಯದಲ್ಲಿ ಒಂದು ಮೇಜು, ಎರಡು ಕುರ್ಚಿ ಹಾಕಿಕೊಡಿರಿ. ಒಂದು ಕುರ್ಚಿಯಲ್ಲಿ ನಾನು ಕುಳಿತುಕೊಳ್ಳುತ್ತೇನೆ. ಇನ್ನೊಂದರಲ್ಲಿ ಫೋನಿನ ಗಂಟೆಗೆ ಹೆದರುವ ಯಾರ ಮನೆಯ ಚಿಕ್ಕಮ್ಮನಾದರೂ ಬಂದು ಕುಳಿತುಕೊಳ್ಳಲಿ. ಅವರು ಹೇಳುವುದನ್ನೆಲ್ಲ ನಾನು ಹೂಂಗುಟ್ಟುತ್ತ ಕೇಳುತ್ತೇನೆ, ಕೇಳಿ ಕಾಗದದ ಮೇಲೆ ಬರೆದುಕೊಡುತ್ತೇನೆ.